ಗಾಯದ ಅಳತೆ

ರೋಗವನ್ನು ವಾಸಿಮಾಡುವುದಕ್ಕಾಗಿ ಶಸ್ತ್ರವೈದ್ಯನು ಮೊದಲು ರೋಗಿಯನ್ನು ಗಾಯಗೊಳಿಸಬೇಕಾಗುತ್ತದೆ. ಈ ಗಾಯ ರೋಗದಿಂದ ಬಂದದ್ದಲ್ಲ; ರೋಗವಿರುವ ಸ್ಥಳವನ್ನು ತಲುಪಲು ತೆರುವ ಸುಂಕವದು. ಎಷ್ಟೋ ಸಲ ಈ ಸುಂಕವೇ ರೋಗಿಗೆ ಹೆಚ್ಚಿನ ಭಾರವಾಗಿ ಪರಿಣಮಿಸುತ್ತದೆ.

ಪಿತ್ತಕೋಶದ ಶಸ್ತ್ರಚಿಕಿತ್ಸೆ ಇದಕ್ಕೊಂದು ಉತ್ತಮ ನಿದರ್ಶನ. ಯಕೃತ್ತಿನ ಅಡಿಯಲ್ಲಿ ಅಂಟಿಕೊಂಡಿರುವ ಈ ಪುಟ್ಟ ಚೀಲದ ಉದ್ದ 7ರಿಂದ 10 ಸೆಂಟಿಮೀಟರ್. ಪಿತ್ತರಸವನ್ನು ಶೇಖರಿಸಿಟ್ಟುಕೊಂಡು, ನಾವು ಉಂಡಾಗ ಅದನ್ನು ಕರುಳಿಗೆ ಬಿಡುವುದು ಅದರ ಕೆಲಸ. ಅದರೊಳಗೆ ಕಲ್ಲುಗಳು ಕಟ್ಟಿಕೊಂಡು ನೋವು ಮರಳಿ ಮರಳಿ ಕಾಡತೊಡಗಿದರೆ ಚೀಲವನ್ನೇ ತೆಗೆದುಹಾಕಬೇಕಾಗುತ್ತದೆ. ಬರ್ಲಿನ್ ನಗರದ ಕಾರ್ಲ್ ಲಾಂಗೆನ್‌ಬುಕ್ ಎಂಬ ವೈದ್ಯರು 1882ರಲ್ಲಿ ಇದನ್ನು ಮೊದಲು ಮಾಡಿ ತೋರಿಸಿದರು. ಅಂದಿನಿಂದ ನೂರು ವರ್ಷಗಳ ಕಾಲ ಆ ಸಣ್ಣ ಚೀಲವನ್ನು ತೆಗೆಯಲು ಬಲಪಕ್ಕೆಯ ಕೆಳಗೆ ಚೀಲಕ್ಕಿಂತ ಉದ್ದವಾದ ಗಾಯವನ್ನು ಮಾಡುವುದು ವಾಡಿಕೆಯಾಗಿತ್ತು. ವೈದ್ಯನ ಕೈಗಳು ಒಳಗೆ ಹೋಗಬೇಕು, ಬೆಳಕು ಬೀಳಬೇಕು, ಕಣ್ಣಿಗೆ ಎಲ್ಲವೂ ಕಾಣಬೇಕು. ಅದಕ್ಕೆ ಬೇರೆ ದಾರಿಯಿರಲಿಲ್ಲ. ಆದುದರಿಂದ ದೊಡ್ಡ ಗಾಯವನ್ನು ಮಾಡುವುದೇ ಒಳ್ಳೆಯ ಶಸ್ತ್ರವೈದ್ಯನ ಲಕ್ಷಣವೆಂಬ ನಂಬಿಕೆ ಬೇರೂರಿತ್ತು.

ಕೈ ಹೋಗದೆಯೇ ಕಣ್ಣು ಒಳಗೆ ಹೋಗುವಂತಿದ್ದರೆ? ಈ ಯೋಚನೆ ಕೆಲವರಿಗೆ ಬಹಳ ಹಿಂದೆಯೇ ಹೊಳೆದಿತ್ತು. 1901ರಲ್ಲಿ ಜರ್ಮನಿಯ ಜಾರ್ಜ್ ಕೆಲ್ಲಿಂಗ್ ಅವರು ಒಂದು ನಾಯಿಯ ಹೊಟ್ಟೆಯೊಳಕ್ಕೆ ಗಾಳಿ ತುಂಬಿ, ಮೂತ್ರಕೋಶವನ್ನು ನೋಡಲು ಬಳಸುತ್ತಿದ್ದ ಕೊಳವೆಯನ್ನು ತೂರಿಸಿ ಒಳಗಿನ ಅಂಗಗಳನ್ನು ವೀಕ್ಷಿಸಿದರು. 1910ರಲ್ಲಿ ಸ್ವೀಡನ್ನಿನ ಹಾನ್ಸ್ ಕ್ರಿಶ್ಚಿಯನ್ ಯಾಕೋಬೇಯಸ್ ಅವರು ಮನುಷ್ಯರಲ್ಲಿಯೂ ಇದು ಸಾಧ್ಯವೆಂದು ತೋರಿಸಿದರು. ಆದರೆ ಬಹುಕಾಲದವರೆಗೆ ಈ ಉದರದರ್ಶಕವು ಹೆಸರಿಗೆ ತಕ್ಕಂತೆ ಒಳಗನ್ನು ನೋಡುವ ಸಾಧನವಾಗಿ ಮಾತ್ರ ಉಳಿಯಿತು. ಸ್ತ್ರೀರೋಗ ತಜ್ಞರು ಅದನ್ನು ಬಳಸುತ್ತ ಬಂದರು. ಶಸ್ತ್ರವೈದ್ಯರು ಅದರತ್ತ ಹೆಚ್ಚಾಗಿ ಗಮನ ಹರಿಸಲಿಲ್ಲ.

ನೋಡುವ ಸಾಧನವನ್ನು ಮಾಡುವ ಸಾಧನವಾಗಿ ಬೆಳೆಸಿದವರಲ್ಲಿ ಜರ್ಮನಿಯ ಕೀಲ್ ನಗರದ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್ ಪ್ರಮುಖರು. ಹೊಟ್ಟೆಯೊಳಗಿನ ಅನಿಲದ ಒತ್ತಡವನ್ನು ತಾನಾಗಿಯೇ ಹತೋಟಿಯಲ್ಲಿಡುವ ಯಂತ್ರವನ್ನೂ, ಕಿರಿದಾದ ರಂಧ್ರದ ಮೂಲಕ ಹಿಡಿಯಲು, ಕತ್ತರಿಸಲು, ಗಂಟು ಹಾಕಲು ಬೇಕಾದ ಹಲವು ಉಪಕರಣಗಳನ್ನೂ ಅವರು ರೂಪಿಸಿದರು. 1980ರಲ್ಲಿ ಅವರು ಈ ವಿಧಾನದಿಂದ ಅಪೆಂಡಿಕ್ಸನ್ನು ತೆಗೆದುಹಾಕಿದರು. ಮೆಚ್ಚುಗೆಯ ಬದಲು ಅವರಿಗೆ ದೊರೆತದ್ದು ಖಂಡನೆ. ಅವರ ವೈದ್ಯವೃತ್ತಿಯನ್ನೇ ತಡೆಹಿಡಿಯಬೇಕೆಂಬ ಒತ್ತಾಯವೂ ಕೇಳಿಬಂದಿತು. ಆ ಶಸ್ತ್ರಚಿಕಿತ್ಸೆಯನ್ನು ಕುರಿತ ಅವರ ಲೇಖನ ಬೆಳಕು ಕಂಡದ್ದು 1983ರಲ್ಲಿ.

ಸೆಮ್ ಅವರಿಂದ ಪ್ರೇರಣೆ ಪಡೆದ ಎರಿಶ್ ಮ್ಯೂಹೆ ಎಂಬ ಶಸ್ತ್ರವೈದ್ಯರು 1985ರ ಸೆಪ್ಟೆಂಬರ್ 12ರಂದು ಜರ್ಮನಿಯ ಬೋಬ್ಲಿಂಗೆನ್ ಎಂಬ ಊರಿನಲ್ಲಿ, ಉದರದರ್ಶಕದ ನೆರವಿನಿಂದ ಪಿತ್ತಕೋಶವನ್ನು ಹೊರತೆಗೆದರು. ಮರುವರ್ಷ ತಮ್ಮ ದೇಶದ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಅದನ್ನು ವರದಿ ಮಾಡಿದಾಗ ಅವರೂ ಕುಹಕದ ನುಡಿಗಳನ್ನು ಕೇಳಬೇಕಾಯಿತು. ಗಾಯ ಚಿಕ್ಕದಾದರೆ ಬುದ್ಧಿಯೂ ಚಿಕ್ಕದೆಂದು ಕೆಲವರು ಹಾಸ್ಯ ಮಾಡಿದರು. 1987ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಫಿಲಿಪ್ ಮೂರೆ ಅವರೂ ಇದೇ ಬಗೆಯ ಶಸ್ತ್ರಚಿಕಿತ್ಸೆಯನ್ನು ನಡೆಸಿದರು. ಅಷ್ಟರಲ್ಲಿ ಉದರದರ್ಶಕದ ತುದಿಗೆ ಪುಟ್ಟ ಕ್ಯಾಮೆರಾವನ್ನು ಜೋಡಿಸಿ, ಒಳಗಿನ ದೃಶ್ಯವನ್ನು ಟೆಲಿವಿಷನ್ ಪರದೆಯ ಮೇಲೆ ಮೂಡಿಸುವ ಅನುಕೂಲವೂ ಒದಗಿತ್ತು. ವೈದ್ಯನೊಬ್ಬನೇ ಕಣ್ಣು ಕಿರಿದುಮಾಡಿ ನೋಡಬೇಕಾಗಿದ್ದುದನ್ನು ಈಗ ಸಹಾಯಕರೆಲ್ಲರೂ ಏಕಕಾಲದಲ್ಲಿ ನೋಡಬಹುದಾಯಿತು. ಹೊಸ ವಿಧಾನ ಕೆಲವೇ ವರ್ಷಗಳಲ್ಲಿ ಜಗತ್ತಿನಾದ್ಯಂತ ಹರಡಿತು. ಹಿಂದೆ ಪರಿಹಾಸಕ್ಕೆ ಗುರಿಯಾಗಿದ್ದ ಮ್ಯೂಹೆ ಅವರನ್ನು 1992ರಲ್ಲಿ ಅವರ ದೇಶದ ಶಸ್ತ್ರವೈದ್ಯರ ಸಂಘವೇ ಗೌರವಿಸಿತು.

ಈ ಶಸ್ತ್ರಚಿಕಿತ್ಸೆ ನಡೆಯುವ ಕ್ರಮ ಕುತೂಹಲಕರವಾದುದು. ರೋಗಿಗೆ ಅರಿವಳಿಕೆ ಕೊಟ್ಟ ಮೇಲೆ ಹೊಕ್ಕುಳಿನ ಬಳಿ ಒಂದು ಸಣ್ಣ ರಂಧ್ರ ಮಾಡಿ ಹೊಟ್ಟೆಯೊಳಕ್ಕೆ ಇಂಗಾಲದ ಡೈಆಕ್ಸೈಡನ್ನು ತುಂಬುತ್ತಾರೆ. ಹೊಟ್ಟೆಯ ಗೋಡೆ ಡೇರೆಯಂತೆ ಮೇಲೆದ್ದು ಒಳಗೆ ಕೆಲಸ ಮಾಡಲು ಸ್ಥಳ ದೊರೆಯುತ್ತದೆ. ಈ ಅನಿಲವನ್ನೇ ಆರಿಸಿಕೊಂಡಿರುವುದಕ್ಕೆ ಕಾರಣಗಳಿವೆ. ರಕ್ತಸ್ರಾವವನ್ನು ನಿಲ್ಲಿಸಲು ವಿದ್ಯುತ್ತಿನ ಶಾಖವನ್ನು ಬಳಸುವುದರಿಂದ ಉರಿಯುವುದಕ್ಕೆ ನೆರವಾಗದ ಅನಿಲವೇ ಬೇಕು. ಇಂಗಾಲದ ಡೈಆಕ್ಸೈಡ್ ಉರಿಯುವುದಿಲ್ಲ. ಮೇಲಾಗಿ ಅದು ರಕ್ತದಲ್ಲಿ ಬೇಗನೆ ಕರಗಿ ಉಸಿರಿನ ಮೂಲಕ ಹೊರಹೋಗುತ್ತದೆ. ಬಳಿಕ 5ರಿಂದ 10 ಮಿಲಿಮೀಟರ್ ಅಗಲದ ಮೂರು ನಾಲ್ಕು ಕೊಳವೆಗಳನ್ನು ಇಳಿಸುತ್ತಾರೆ. ಒಂದರಲ್ಲಿ ದೀಪವೂ ಕ್ಯಾಮೆರಾವೂ ಕೂಡಿದ ದರ್ಶಕ, ಉಳಿದವುಗಳಲ್ಲಿ ಉದ್ದ ಹಿಡಿಯ ಉಪಕರಣಗಳು. ಪಿತ್ತಕೋಶದ ನಾಳವನ್ನೂ ಅದರ ರಕ್ತನಾಳವನ್ನೂ ಬಿಡಿಸಿ, ಲೋಹದ ಸಣ್ಣ ಕ್ಲಿಪ್ಪುಗಳಿಂದ ಬಿಗಿದು ಕತ್ತರಿಸುತ್ತಾರೆ. ಯಕೃತ್ತಿನಿಂದ ಬೇರ್ಪಡಿಸಿದ ಚೀಲವನ್ನು ರಂಧ್ರವೊಂದರ ಮೂಲಕ ಹೊರಕ್ಕೆ ಎಳೆದು, ಅನಿಲವನ್ನು ಬಿಟ್ಟು, ಒಂದೆರಡು ಹೊಲಿಗೆ ಹಾಕುತ್ತಾರೆ.

ಇದರಿಂದ ರೋಗಿಗೆ ಆಗುವ ಉಪಕಾರ ಸಾಮಾನ್ಯವಾದುದಲ್ಲ. ಹಳೆಯ ವಿಧಾನದಲ್ಲಿ ಹಲವು ದಿನ ಆಸ್ಪತ್ರೆಯಲ್ಲಿರಬೇಕಾಗಿದ್ದವನು ಈಗ ಬಹುಮಟ್ಟಿಗೆ ಒಂದೆರಡು ದಿನಗಳಲ್ಲಿ ಮನೆಗೆ ಹೋಗುತ್ತಾನೆ. ನೋವು ಕಡಿಮೆ, ಗಾಯ ಕೀವಾಗುವ ಸಂಭವವೂ, ಹೊಲಿಗೆಯ ಜಾಗ ಸಡಿಲಗೊಂಡು ಮುಂದೆ ಹರ್ನಿಯಾ ಉಂಟಾಗುವ ಸಂಭವವೂ ಕಡಿಮೆ. ಉಳಿದ ಅನಿಲದ ದೆಸೆಯಿಂದ ಒಂದೆರಡು ದಿನ ಭುಜದಲ್ಲಿ ನೋವು ಕಾಣಿಸಿಕೊಂಡರೂ ಅದು ತಾನಾಗಿ ಶಮನವಾಗುತ್ತದೆ.

ಭಾರತದಲ್ಲಿ ಈ ವಿಧಾನದಿಂದ ಪಿತ್ತಕೋಶವನ್ನು ಮೊದಲು ತೆಗೆದವರು ಡಾ. ಟೆಹೆಮ್ಟನ್ ಉದ್ವಾಡಿಯಾ. 1990ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಅದು ನಡೆಯಿತು. ಜೆ. ಜೆ. ಸರ್ಕಾರಿ ಆಸ್ಪತ್ರೆ, ಅಲ್ಲಿಗೆ ಬರುವವರಲ್ಲಿ ಬಡವರೇ ಹೆಚ್ಚು. ಇಷ್ಟು ಬೆಲೆಬಾಳುವ ಉಪಕರಣಗಳು ಬಡದೇಶಕ್ಕೆ ಏತಕ್ಕೆ ಎಂಬ ಪ್ರಶ್ನೆ ಯಾರಿಗಾದರೂ ಏಳುವುದು ಸಹಜ. ದಿನಗೂಲಿಯ ಮನೆಯಲ್ಲಿ ಕುಳಿತು ಯೋಚಿಸಿದರೆ ಉತ್ತರ ಹೊಳೆಯುತ್ತದೆ. ಆ ಮನೆಯ ದುಡಿಯುವ ಕೈ ತಿಂಗಳುಗಟ್ಟಲೆ ನಿಂತುಹೋದರೆ ಒಲೆ ಉರಿಯುವುದಿಲ್ಲ. ಬೇಗನೆ ಕೆಲಸಕ್ಕೆ ಮರಳುವ ಅನುಕೂಲ ಸಿರಿವಂತನಿಗಿಂತ ಬಡವನಿಗೇ ಹೆಚ್ಚು ಅಗತ್ಯ.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ಹೊಸ ವಿಧಾನವನ್ನು ಹೀಗಳೆಯುತ್ತಿದ್ದ ಕಾಲ ಮುಗಿದು, ಅದಕ್ಕಾಗಿ ನೂಕುನುಗ್ಗಲು ಆರಂಭವಾಯಿತು. ಅಲ್ಪಕಾಲದ ತರಬೇತಿ ಪಡೆದವರೂ ಶಸ್ತ್ರಚಿಕಿತ್ಸೆಗೆ ಕೈಹಾಕಿದರು. ಪರದೆಯ ಚಿತ್ರದಲ್ಲಿ ಆಳ ತಿಳಿಯುವುದು ಕಷ್ಟ. ಬೆರಳಿನ ಸ್ಪರ್ಶಜ್ಞಾನವಂತೂ ಇಲ್ಲವೇ ಇಲ್ಲ. ಯಕೃತ್ತಿನಿಂದ ಕರುಳಿಗೆ ಪಿತ್ತವನ್ನು ಒಯ್ಯುವ ಮುಖ್ಯನಾಳವನ್ನೇ ಪಿತ್ತಕೋಶದ ನಾಳವೆಂದು ಭ್ರಮಿಸಿ ಕತ್ತರಿಸಿದ ಪ್ರಸಂಗಗಳು ಹಿಂದಿಗಿಂತ ಹೆಚ್ಚಾದವು. ಹಾಗೆ ಗಾಯಗೊಂಡವರಿಗೆ ಮತ್ತೊಂದು ದೊಡ್ಡ ಶಸ್ತ್ರಚಿಕಿತ್ಸೆ ಅನಿವಾರ್ಯವಾಗುತ್ತಿತ್ತು. ಕೆಲವರು ಜೀವಮಾನವಿಡೀ ನರಳಬೇಕಾಯಿತು. 1995ರಲ್ಲಿ ಅಮೆರಿಕದ ಸ್ಟೀವನ್ ಸ್ಟ್ರಾಸ್‌ಬರ್ಗ್ ಮತ್ತು ಅವರ ಸಂಗಡಿಗರು ಒಂದು ನಿಯಮವನ್ನು ಮುಂದಿಟ್ಟರು. ಪಿತ್ತಕೋಶದ ಬುಡವನ್ನು ಚೆನ್ನಾಗಿ ಬಿಡಿಸಿ, ಅದನ್ನು ಪ್ರವೇಶಿಸುವ ನಾಳ ಒಂದು, ರಕ್ತನಾಳ ಒಂದು, ಎರಡೇ ಎರಡು ಎಂಬುದು ಕಣ್ಣಿಗೆ ಸ್ಪಷ್ಟವಾಗುವವರೆಗೆ ಯಾವುದನ್ನೂ ಕತ್ತರಿಸಬಾರದು. ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ, ಹಳೆಯ ವಿಧಾನದಂತೆ ಹೊಟ್ಟೆಯನ್ನು ತೆರೆಯುವುದು ಸೋಲಲ್ಲ, ವಿವೇಕ.

ಒಂದು ವಿಧಾನ ಉತ್ತಮವೆಂದು ನಿರ್ಧರಿಸುವುದಾದರೂ ಹೇಗೆ? ಇಂಗ್ಲೆಂಡಿನ ಶೆಫೀಲ್ಡ್ ನಗರದ ವೈದ್ಯರು 1996ರಲ್ಲಿ ಪ್ರಕಟಿಸಿದ ಪರೀಕ್ಷೆ ಇದಕ್ಕೆ ಮಾದರಿಯಾಗಿದೆ. ಹಳೆಯ ರೀತಿಯಲ್ಲಿಯೇ, ಆದರೆ ಆದಷ್ಟು ಚಿಕ್ಕ ಗಾಯದಿಂದ ಪಿತ್ತಕೋಶವನ್ನು ತೆಗೆಯುವುದನ್ನೂ ಕೆಲವರು ರೂಢಿಸಿಕೊಂಡಿದ್ದರು. 200 ಮಂದಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ರೀತಿಯಲ್ಲೂ ಮತ್ತೊಂದಕ್ಕೆ ಉದರದರ್ಶಕದಿಂದಲೂ ಚಿಕಿತ್ಸೆ ಮಾಡಿದರು. ಬಳಿಕ ಎಲ್ಲರ ಹೊಟ್ಟೆಗೂ ಒಂದೇ ಬಗೆಯ ಪಟ್ಟಿಯನ್ನು ಕಟ್ಟಿದರು. ಯಾರಿಗೆ ಯಾವುದು ನಡೆದಿದೆ ಎಂಬುದು ರೋಗಿಗೂ ತಿಳಿಯದು, ಆರೈಕೆ ಮಾಡುವವರಿಗೂ ತಿಳಿಯದು. ಹೀಗೆ ಮೋಹವೂ ಪೂರ್ವಗ್ರಹವೂ ಪಟ್ಟಿಯ ಹಿಂದೆ ಮರೆಯಾದಾಗ, ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಎರಡು ಗುಂಪುಗಳಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಉದರದರ್ಶಕದ ಗುಂಪಿನಲ್ಲಿ ಶಸ್ತ್ರಚಿಕಿತ್ಸೆಗೆ ಹಿಡಿದ ಸಮಯ ಮಾತ್ರ ಹೆಚ್ಚಾಗಿತ್ತು.

ಕ್ಯಾನ್ಸರಿನ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯವಾಯಿತು. ದೊಡ್ಡ ಕರುಳಿನ ಕ್ಯಾನ್ಸರನ್ನು ಸಣ್ಣ ರಂಧ್ರಗಳ ಮೂಲಕ ತೆಗೆದರೆ ರೋಗ ಮರುಕಳಿಸೀತೆಂಬ ಭಯವಿತ್ತು. 2004ರಲ್ಲಿ ಅಮೆರಿಕ ಹಾಗೂ ಕೆನಡಾದ 48 ಸಂಸ್ಥೆಗಳು 872 ರೋಗಿಗಳ ಪರೀಕ್ಷೆಯ ಫಲವನ್ನು ಪ್ರಕಟಿಸಿದಾಗ, ಎರಡು ವಿಧಾನಗಳಲ್ಲಿಯೂ ಮರುಕಳಿಕೆ ಹೆಚ್ಚುಕಡಿಮೆ ಸಮನಾಗಿತ್ತು, ಭಯ ದೂರವಾಯಿತು. ಆದರೆ ಗರ್ಭಕಂಠದ ಕ್ಯಾನ್ಸರಿನಲ್ಲಿ ಫಲ ತಿರುಗುಮುರುಗಾಯಿತು. 631 ಸ್ತ್ರೀಯರ ಪರೀಕ್ಷೆಯ ವರದಿ 2018ರಲ್ಲಿ ಹೊರಬಂದಿತು. 3 ವರ್ಷಗಳ ಅನಂತರ ಬದುಕುಳಿದವರ ಪ್ರಮಾಣ ಹೊಟ್ಟೆ ತೆರೆದು ಚಿಕಿತ್ಸೆ ಪಡೆದವರಲ್ಲಿ ಶೇಕಡಾ 99.0 ಇದ್ದರೆ, ಸಣ್ಣ ಗಾಯದವರಲ್ಲಿ ಶೇಕಡಾ 93.8 ಮಾತ್ರ ಇದ್ದಿತು. ಅಲ್ಲಿಯವರೆಗೆ ಸಣ್ಣ ಗಾಯವನ್ನು ಮೆಚ್ಚಿಕೊಂಡಿದ್ದ ಅನೇಕ ವೈದ್ಯರು, ಆ ರೋಗಕ್ಕೆ ಮತ್ತೆ ಹಳೆಯ ಮಾರ್ಗವನ್ನೇ ಹಿಡಿದರು.

ಪರೀಕ್ಷಿಸದೆ ಸೆಮ್ ಮತ್ತು ಮ್ಯೂಹೆ ಅವರನ್ನು ಹಳಿದವರೂ, ಪರೀಕ್ಷಿಸದೆ ಅವರ ಮಾರ್ಗಕ್ಕೆ ನುಗ್ಗಿದವರೂ ಮಾಡಿದ ತಪ್ಪು ಒಂದೇ. ಇಬ್ಬರೂ ಗಾಯದ ಉದ್ದವನ್ನು ಅಳೆದರು. ರೋಗಿಯ ಹಿತವನ್ನು ಅಳೆಯಲಿಲ್ಲ. ಹಳೆಯದೆಂಬ ಕಾರಣಕ್ಕೆ ಯಾವುದೂ ಶ್ರೇಷ್ಠವಲ್ಲ, ಹೊಸದೆಂಬ ಕಾರಣಕ್ಕೆ ಯಾವುದೂ ಗ್ರಾಹ್ಯವಲ್ಲ. ರೋಗಿ ಎಷ್ಟು ಸುರಕ್ಷಿತವಾಗಿ ಎದ್ದು ನಡೆದ, ಎಷ್ಟು ಕಾಲ ನೆಮ್ಮದಿಯಿಂದ ಬಾಳಿದ ಎಂಬುದೇ ಶಸ್ತ್ರವೈದ್ಯನ ಕೌಶಲಕ್ಕೆ ನಿಜವಾದ ಅಳತೆಗೋಲು.

ಅಭ್ಯಾಸ

1. ಉದರದರ್ಶಕ ಶಸ್ತ್ರಚಿಕಿತ್ಸೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಬಳಸಲು ಕಾರಣಗಳೇನು?
2. ಕುರ್ಟ್ ಸೆಮ್ ಮತ್ತು ಎರಿಶ್ ಮ್ಯೂಹೆ ಅವರು ಎದುರಿಸಿದ ವಿರೋಧವನ್ನು ವಿವರಿಸಿರಿ.
3. ಶೆಫೀಲ್ಡ್ ಪರೀಕ್ಷೆಯಲ್ಲಿ ಎಲ್ಲ ರೋಗಿಗಳಿಗೂ ಒಂದೇ ಬಗೆಯ ಪಟ್ಟಿ ಕಟ್ಟಿದುದರ ಉದ್ದೇಶವೇನು?
4. ‘ಹೊಟ್ಟೆಯನ್ನು ತೆರೆಯುವುದು ಸೋಲಲ್ಲ, ವಿವೇಕ’ – ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
5. ‘ಗಾಯದ ಅಳತೆ’ ಎಂಬ ಶೀರ್ಷಿಕೆ ಈ ಪಾಠಕ್ಕೆ ಹೇಗೆ ಒಪ್ಪುತ್ತದೆ?