ಹುಳುಕಿಲ್ಲದ ಹಲ್ಲಿನ ನೋವು

ಪ್ರೀತಿಯ ನಂದಿನಿ,

ನಿನ್ನ ಹಲ್ಲಿನ ಕ್ಲಿನಿಕ್‌ಗೆ ವಯಸ್ಸಾದವರೇ ಹೆಚ್ಚು ಬರುತ್ತಾರಂತೆ, ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಸಂತೋಷ ಮಗಳೇ. ಆದರೆ ಅವರ ಬಾಯಿ ತೆರೆಸುವ ಮೊದಲು ಎದೆಯ ವಿಚಾರ ಕೇಳು.

ಹೃದಯದ ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾದರೆ, ಕೂತಾಗ ಸಾಲುವ ರಕ್ತ ದಿಬ್ಬ ಹತ್ತುವಾಗ ಸಾಲುವುದಿಲ್ಲ. ಆಗ ಬರುವುದೇ ಆಂಜೈನಾ. ಅದು ಎದೆಯಲ್ಲೇ ಕಾಣಿಸಬೇಕೆಂದೇನಿಲ್ಲ. ಕೆಲವರಿಗೆ ಕೆಳದವಡೆಯಲ್ಲಷ್ಟೇ ನೋವು. "ಡಾಕ್ಟ್ರೇ, ಮೆಟ್ಟಿಲು ಹತ್ತಿದರೆ ಇಲ್ಲೆಲ್ಲ ಹಿಡಿದುಕೊಳ್ಳುತ್ತೆ, ಕೂತರೆ ಬಿಡುತ್ತೆ" ಎನ್ನುತ್ತಾ ಅಂಗೈಯಿಂದ ದವಡೆ ಸವರುತ್ತಾರೆ. ಹಲ್ಲು ತಟ್ಟಿದರೆ ನೋವಿಲ್ಲ, ತಣ್ಣೀರಿಗೆ ಜುಮ್ಮೆನ್ನುವುದಿಲ್ಲ, ಎಕ್ಸ್‌ರೇಯಲ್ಲೂ ಏನಿಲ್ಲ. ರೋಗಿ ಎಷ್ಟೇ ಗೋಗರೆದರೂ ಆ ಹಲ್ಲು ಕೀಳಬೇಡ. ಅವತ್ತೇ ಇಸಿಜಿಗೆ ಕಳಿಸು. 1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಈ ಕಾಯಿಲೆಯನ್ನು ವಿವರಿಸಿದಾಗ ಹಿಡಿದ ಗುರುತೂ ಇದೇ: ನಡೆದರೆ ಬರುತ್ತದೆ, ನಿಂತರೆ ಹೋಗುತ್ತದೆ.

ಹೃದ್ರೋಗಿ ಎಂದು ಗೊತ್ತಿದ್ದರೆ ಮರಗಟ್ಟಿಸುವುದರಲ್ಲಿ ಜಿಪುಣತನ ಮಾಡಬೇಡ. ನೋವು, ಭಯ ಎರಡೂ ಮೈಯ ಅಡ್ರಿನಲಿನ್ ಏರಿಸುತ್ತವೆ. ಅದು ನಾಳ ಕಿರಿದಾದ ಹೃದಯಕ್ಕೆ ಒಳ್ಳೆಯದಲ್ಲ. ಇಂಜೆಕ್ಷನ್ನಿನಲ್ಲಿರುವ ಅಡ್ರಿನಲಿನ್ ಮಾತ್ರ 0.04 ಮಿಲಿಗ್ರಾಂ ದಾಟದಿರಲಿ, ಅಂದರೆ 1:80,000 ಲಿಗ್ನೊಕೇನ್ ಆದರೆ ಸುಮಾರು 3 ಮಿ.ಲೀ. ರಕ್ತನಾಳಕ್ಕೆ ಹೋಗದಂತೆ ಹಿಂದಕ್ಕೆ ಎಳೆದು ನೋಡಿ ನಿಧಾನವಾಗಿ ಕೊಡು. ಸ್ಟೆಂಟ್ ಹಾಕಿಸಿಕೊಂಡವರಿಗೆ ರಕ್ತ ತೆಳುವಾಗುವ ಮಾತ್ರೆ ನಿಲ್ಲಿಸಿ ಬನ್ನಿ ಎಂದು ನೀನಾಗಿ ಹೇಳಲೇಬೇಡ. ಹಲ್ಲು ಕಿತ್ತ ಜಾಗದ ರಕ್ತವನ್ನು ಹೊಲಿಗೆ, ಗಾಜ್‌ಗಳಿಂದ ನಿಲ್ಲಿಸಬಹುದು. ಸ್ಟೆಂಟ್‌ನಲ್ಲಿ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ಹೃದಯಾಘಾತವಾಗಿ 60 ದಿನ ಕಳೆಯದಿದ್ದರೆ, ತುರ್ತಲ್ಲದ ಕೆಲಸ ಮುಂದೆ ಹಾಕು.

ಕುರ್ಚಿಯಲ್ಲೇ ಎದೆ ಹಿಡಿದುಕೊಂಡರೆ ಕೆಲಸ ಬಿಟ್ಟುಬಿಡು. ಬಾಯಲ್ಲಿದ್ದದ್ದೆಲ್ಲ ತೆಗೆದು, ಬೆನ್ನೆತ್ತಿ ಕೂರಿಸಿ, ಬಿಪಿ ನೋಡು. ಮೇಲಿನ ಅಂಕಿ 90ಕ್ಕಿಂತ ಕಡಿಮೆಯಿಲ್ಲದಿದ್ದರೆ ನಾಲಿಗೆಯಡಿ 5 ಮಿಲಿಗ್ರಾಂ ಸಾರ್ಬಿಟ್ರೇಟ್ ಇಡು. ಇಡುವ ಮೊದಲು, ಎರಡು ದಿನದೊಳಗೆ ವಯಾಗ್ರದಂಥ ಮಾತ್ರೆ ನುಂಗಿದ್ದಾರಾ ಎಂದು ಸಂಕೋಚಪಡದೆ ಕೇಳು. ನುಂಗಿದ್ದರೆ ಸಾರ್ಬಿಟ್ರೇಟ್ ಕೊಡಕೂಡದು, ಬಿಪಿ ಒಮ್ಮೆಗೇ ಕುಸಿಯುತ್ತದೆ. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಫೋನ್ ಮಾಡು. ಅಲರ್ಜಿ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಕೊಡು. 'ಹೃದಯ ಜ್ಯೋತಿ' ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗ ಇಸಿಜಿ ನೋಡಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ನಿಮ್ಮೂರಿನಲ್ಲಿ ಇದೆಯಾ ಎಂದು ಈಗಲೇ ವಿಚಾರಿಸಿಟ್ಟುಕೊ.

ನಿನ್ನ ಡ್ರಾಯರ್‌ನಲ್ಲಿರುವ ಸಾರ್ಬಿಟ್ರೇಟ್ ಸ್ಟ್ರಿಪ್ಪಿನ ತಾರೀಕು ಮುಗಿದಿದೆಯೇನೋ, ಇವತ್ತೇ ನೋಡಿಬಿಡು.

ನಿನ್ನ ದೊಡ್ಡಪ್ಪ