ಒಂದೇ ಮನೆ, ಮೂರು ಪ್ರಶ್ನೆಗಳು: ರಾಜ್ಯಶಾಸ್ತ್ರ ಇಷ್ಟಪಡುವವರು ಮುಂದೆ ಏನು ಓದಬಹುದು?

ಪ್ರತಿ ವರ್ಷ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ಇಬ್ಬರೋ ಮೂವರೋ ಬಂದು ನಿಲ್ಲುತ್ತಾರೆ. “ಸರ್, ಪೊಲಿಟಿಕಲ್ ಸೈನ್ಸ್ ಇಷ್ಟ. ಅದನ್ನು ಓದಿ ಏನಾಗ್ತೀಯಾ ಅಂತ ಮನೆಯಲ್ಲಿ ಕೇಳ್ತಾರೆ, ಏನು ಹೇಳಲಿ?” ಈ ಬಾರಿ ಬಂದ ವಿದ್ಯಾರ್ಥಿನಿಯೊಬ್ಬಳು ಒಂದು ಹೆಜ್ಜೆ ಮುಂದೆ ಹೋಗಿದ್ದಳು. ಪದವಿಯ ನಂತರ ಎಂ.ಎ. ಮಾಡುವುದಾದರೆ ರಾಜ್ಯಶಾಸ್ತ್ರವೋ, ಅಂತರರಾಷ್ಟ್ರೀಯ ಸಂಬಂಧಗಳೋ, ಅಭಿವೃದ್ಧಿ ಅಧ್ಯಯನವೋ ಎಂದು ಕೇಳಿದಳು. ಹೆಸರು ಬೇರೆಯಾದರೂ ಮೂರೂ ಒಂದೇ ಅಲ್ಲವೇ ಎಂಬುದು ಅವಳ ಅನುಮಾನ. ಅಷ್ಟರಲ್ಲಿ ಬೆಲ್ ಹೊಡೆಯಿತು. ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂರೂ ಒಂದೇ ಅಲ್ಲ. ವ್ಯತ್ಯಾಸ ತಿಳಿಯಲು ಸಿಲಬಸ್ ನೋಡುವುದಕ್ಕಿಂತ ನಮ್ಮ ಕರಾವಳಿಯ ಯಾವುದೋ ಒಂದು ಬೀದಿಯ ಮನೆಯನ್ನು ನೋಡೋಣ. ತಂದೆ ದುಬೈಯಲ್ಲೋ ದಮ್ಮಾಮ್‌ನಲ್ಲೋ ದುಡಿಯುತ್ತಾರೆ. ಮನೆ, ಮಕ್ಕಳ ಫೀಸು, ಬ್ಯಾಂಕು, ಮಾವನ ಔಷಧಿ, ಎಲ್ಲವೂ ಇಲ್ಲಿ ತಾಯಿಯ ಮೇಲೆ. ನಿಮ್ಮಲ್ಲಿ ಅನೇಕರಿಗೆ ಇದು ನಿಮ್ಮದೇ ಮನೆ.

ರಾಜ್ಯಶಾಸ್ತ್ರದ ವಿದ್ಯಾರ್ಥಿ ಈ ಮನೆಯ ಮುಂದೆ ನಿಂತು ಕೇಳುವುದು ಅಧಿಕಾರ ಮತ್ತು ಹಕ್ಕಿನ ಪ್ರಶ್ನೆ. ಆ ತಂದೆ ಭಾರತದ ಪ್ರಜೆ, ಆದರೆ ಅವರ ಮತ ಎಲ್ಲಿದೆ? 2010ರಲ್ಲಿ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ವಿದೇಶದಲ್ಲಿರುವ ಭಾರತೀಯರೂ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ಆದರೆ ಮತ ಹಾಕಬೇಕಾದರೆ ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಬರಬೇಕು. ರಜೆ ಸಿಗದ ಕೂಲಿಯಾಳಿಗೆ ಈ ಹಕ್ಕು ಎಷ್ಟು ಉಪಯೋಗ? ಇದು ಎಂ.ಎ. ಪ್ರಬಂಧವೊಂದಕ್ಕೆ ಸಾಕಾಗುವ ವಿಷಯ.

ಅಂತರರಾಷ್ಟ್ರೀಯ ಸಂಬಂಧಗಳ ವಿದ್ಯಾರ್ಥಿ ದೇಶದೇಶಗಳ ನಡುವಿನ ವ್ಯವಹಾರವನ್ನು ನೋಡುತ್ತಾನೆ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಕರೆತರಲಾಯಿತು. ಅವರು ಜೋರ್ಡಾನ್‌ನ ಅಮ್ಮಾನ್ ಮೂಲಕ ಹೊರಬರಲು ಯಾರು ಯಾರೊಡನೆ ಮಾತಾಡಿದರು? ಯು.ಎ.ಇ. ಜೊತೆ 2022ರ ಫೆಬ್ರವರಿಯಲ್ಲಿ ಭಾರತ ಸಹಿ ಹಾಕಿದ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದದಿಂದ ಅಲ್ಲಿ ದುಡಿಯುವವನಿಗೆ ಏನಾದರೂ ಬದಲಾಯಿತೇ, ಇಲ್ಲ ಚಿನ್ನದ ವ್ಯಾಪಾರಿಗೆ ಮಾತ್ರವೇ? ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಕೊಲ್ಲಿ ದೇಶಗಳಿಗೆ ಹೋಗಲು ವಲಸೆ ಅನುಮತಿ ಬೇಕೆನ್ನುವ ನಿಯಮವೂ ಈ ಪಾಠದ ಭಾಗವೇ. ಅದರ ಮೂಲ 1983ರ ವಲಸೆ ಕಾಯ್ದೆಯಲ್ಲಿದೆ.

ಇನ್ನು ಅಭಿವೃದ್ಧಿ ಅಧ್ಯಯನ. ವಿಶ್ವ ಬ್ಯಾಂಕಿನ ಲೆಕ್ಕದಂತೆ 2022ರಲ್ಲಿ ಹೊರದೇಶಗಳಿಂದ ಭಾರತಕ್ಕೆ ಬಂದ ಹಣ ಸುಮಾರು 111 ಬಿಲಿಯನ್ ಡಾಲರ್. ಒಂದೇ ವರ್ಷದಲ್ಲಿ 100 ಬಿಲಿಯನ್ ದಾಟಿದ ಮೊದಲ ದೇಶ ನಮ್ಮದು. ಅಭಿವೃದ್ಧಿ ಅಧ್ಯಯನದವರು ಈ ಅಂಕಿಯನ್ನು ಹೊಗಳಿ ಸುಮ್ಮನಾಗುವುದಿಲ್ಲ. ಹಣ ಮನೆ ಕಟ್ಟಲು ಹೋಯಿತೋ, ಮಗಳ ಕಾಲೇಜಿಗೆ ಹೋಯಿತೋ, ಜಮೀನಿನ ಬೆಲೆ ಏರಿಸಿ ಪಕ್ಕದ ಮನೆಯ ಬಡವನನ್ನು ಊರ ಹೊರಗೆ ತಳ್ಳಿತೋ ಎಂದು ಮನೆಮನೆಗೆ ಹೋಗಿ ಕೇಳುತ್ತಾರೆ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಮಾಡಿದ್ದೂ ಇಂಥ ಕೆಲಸವೇ. ಅಂದಿನ 175 ತಾಲೂಕುಗಳನ್ನು ಅಳೆದು 114 ಹಿಂದುಳಿದಿವೆ ಎಂದು ತೋರಿಸಿತು. ಕಲ್ಯಾಣ ಕರ್ನಾಟಕಕ್ಕೆ 371(ಜೆ) ವಿಧಿ ಬರುವ ಮುನ್ನ ಇಂಥ ಅಳತೆಗಳು ಆಗಬೇಕಾಗಿತ್ತು.

ಈ ಮೂರರಲ್ಲಿ ಯಾವ ಪ್ರಶ್ನೆ ನಿಮ್ಮನ್ನು ಹೆಚ್ಚು ಕಾಡಿತು? ಕೋರ್ಸಿನ ಹೆಸರು ಎಷ್ಟು ಘನವಾಗಿ ಕೇಳಿಸುತ್ತದೆ ಎಂಬುದಕ್ಕಿಂತ ಅದನ್ನೇ ಹಿಡಿದು ಹೋಗಿ.

ಎಲ್ಲಿ ಓದಬಹುದು? ನಮ್ಮ ರಾಜ್ಯದಲ್ಲಿ ಮೈಸೂರು, ಧಾರವಾಡ, ಮಂಗಳೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ರಾಜ್ಯಶಾಸ್ತ್ರದ ಎಂ.ಎ. ಇದೆ. ಮಣಿಪಾಲದಲ್ಲಿ ಭೂರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳಿಗೆ ಪ್ರತ್ಯೇಕ ವಿಭಾಗವಿದೆ, ಆದರೆ ಅದು ಖಾಸಗಿ, ಶುಲ್ಕ ಹೆಚ್ಚು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎಂ.ಎ. ಡೆವಲಪ್‌ಮೆಂಟ್ ಕೂಡ ಖಾಸಗಿಯೇ. ಅಲ್ಲಿ ಕುಟುಂಬದ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತಾರೆ, ಆದ್ದರಿಂದ ಶುಲ್ಕದ ಪಟ್ಟಿ ನೋಡಿಯೇ ಹೆದರಿ ಬಿಡಬೇಡಿ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅಭಿವೃದ್ಧಿ ಅಧ್ಯಯನಕ್ಕೆ ಹಳೆಯ, ಗಟ್ಟಿ ಹೆಸರು. ಈ ಎರಡೂ ಕಡೆ ಯಾವುದೇ ವಿಷಯದ ಪದವಿ ಸಾಕು. ಕಾಮರ್ಸ್ ಮತ್ತು ಸೈನ್ಸ್ ವಿಭಾಗದವರು ಈ ವಾಕ್ಯವನ್ನು ಇನ್ನೊಮ್ಮೆ ಓದಿ.

ಅಂತರರಾಷ್ಟ್ರೀಯ ಸಂಬಂಧಗಳಿಗೆ ಮೊದಲು ನೆನಪಾಗುವುದು ದೆಹಲಿಯ ಜೆ.ಎನ್.ಯು. ಅದರ ಅಂತರರಾಷ್ಟ್ರೀಯ ಅಧ್ಯಯನ ವಿಭಾಗ 1955ರಲ್ಲಿ ಹುಟ್ಟಿದ್ದು, ಅಂದರೆ ವಿಶ್ವವಿದ್ಯಾಲಯಕ್ಕಿಂತಲೂ ಹಳೆಯದು. ಬೋಧನಾ ಶುಲ್ಕ ಬಹಳ ಕಡಿಮೆ. ಖರ್ಚಾಗುವುದು ಊಟಕ್ಕೆ ಮತ್ತು ರೈಲಿಗೆ. ಜಾಮಿಯಾ ಮಿಲ್ಲಿಯಾದಲ್ಲಿ ಶಾಂತಿ ಮತ್ತು ಸಂಘರ್ಷದ ಅಧ್ಯಯನಕ್ಕೂ ಅವಕಾಶವಿದೆ. ಸಾರ್ಕ್ ದೇಶಗಳು ಸೇರಿ ಕಟ್ಟಿದ ಸೌತ್ ಏಷ್ಯನ್ ಯೂನಿವರ್ಸಿಟಿ 2010ರಿಂದ ದೆಹಲಿಯಲ್ಲಿದೆ. ಪಕ್ಕದ ಬೆಂಚಿನಲ್ಲಿ ನೇಪಾಳದವನೋ ಬಾಂಗ್ಲಾದವಳೋ ಕುಳಿತು ವಿದೇಶಾಂಗ ನೀತಿ ಕಲಿಯುವುದೇ ಅಲ್ಲಿಯ ವಿಶೇಷ.

ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ದಿನಾಂಕದಲ್ಲಿ. ಜೆ.ಎನ್.ಯು. ಸೇರಿದಂತೆ ಹಲವು ಕೇಂದ್ರೀಯ ಸಂಸ್ಥೆಗಳ ಪ್ರವೇಶಕ್ಕೆ ಬೇಕಾದ ಸಿ.ಯು.ಇ.ಟಿ. ಪಿ.ಜಿ. ಪರೀಕ್ಷೆಗೆ ಸಾಮಾನ್ಯವಾಗಿ ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ಅರ್ಜಿ ಕರೆಯುತ್ತಾರೆ, ಮಾರ್ಚ್‌ನಲ್ಲಿ ಪರೀಕ್ಷೆ. ಅಂದರೆ ಪದವಿಯ ಕೊನೆಯ ವರ್ಷ ಇನ್ನೂ ನಡೆಯುತ್ತಿರುವಾಗಲೇ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ಪದವಿ ಫಲಿತಾಂಶದ ಆಸುಪಾಸಿನಲ್ಲಿ ಅರ್ಜಿ ಕರೆಯುತ್ತವೆ. ಎಲ್ಲ ಕಡೆಯೂ ಹಾಗೆಯೇ ಎಂದುಕೊಂಡು ಕಾಯುತ್ತಾ ಕುಳಿತು ಒಂದು ವರ್ಷ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ನಾನೂ ಅವರಲ್ಲೊಬ್ಬ, ಆ ಕಾಲದಲ್ಲಿ ಹೇಳುವವರಿರಲಿಲ್ಲ. ಈಗ ಕರ್ನಾಟಕದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ, ಆದ್ದರಿಂದ ಮೂರನೇ ವರ್ಷದ ಡಿಸೆಂಬರ್ ಎಂದು ನೆನಪಿಟ್ಟುಕೊಳ್ಳಿ.

ಇನ್ನೊಂದು ಮಾತು ಭಾಷೆಯದು. ಆ ಪರೀಕ್ಷೆಯಲ್ಲಿ 75 ಪ್ರಶ್ನೆ, 90 ನಿಮಿಷ, ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದವರಿಗೆ ಇದು ಅನ್ಯಾಯವೆಂದೇ ನನಗನಿಸುತ್ತದೆ. ಆದರೆ ಬದಲಾಗುವವರೆಗೆ ಕಾಯಲು ನಮಗೆ ಸಮಯವಿಲ್ಲ. ದಿನಕ್ಕೆ ಒಂದು ಇಂಗ್ಲಿಷ್ ಸಂಪಾದಕೀಯವನ್ನು ನಿಘಂಟು ಪಕ್ಕದಲ್ಲಿಟ್ಟು ಈಗಿನಿಂದಲೇ ಓದಿ. ಅಭಿವೃದ್ಧಿ ಅಧ್ಯಯನ ಬೇಕೆನ್ನುವವರು ಪದವಿಯಲ್ಲಿ ಅರ್ಥಶಾಸ್ತ್ರವನ್ನು ಬಿಡಬೇಡಿ. ಸರಾಸರಿಗೂ ಮಧ್ಯಾಂಕಕ್ಕೂ ವ್ಯತ್ಯಾಸ ತಿಳಿಯದವನಿಗೆ ಸಮೀಕ್ಷಾ ವರದಿ ಓದುವುದು ಕಷ್ಟ.

ಉದ್ಯೋಗದ ವಿಷಯದಲ್ಲಿ ಸುಳ್ಳು ಆಸೆ ಕೊಡಲಾರೆ. ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಮಾಡಿದವರೆಲ್ಲ ರಾಯಭಾರಿಗಳಾಗುವುದಿಲ್ಲ. ವಿದೇಶಾಂಗ ಸೇವೆಗೆ ಹೋಗುವ ದಾರಿ ಯು.ಪಿ.ಎಸ್.ಸಿ. ಪರೀಕ್ಷೆ, ಅದಕ್ಕೆ ಯಾವುದೇ ಪದವಿ ಸಾಕು. ಪಿ.ಯು. ಉಪನ್ಯಾಸಕರಾಗಬೇಕೆಂದಿರುವವರು ರಾಜ್ಯಶಾಸ್ತ್ರ ಎಂಬ ಹೆಸರಿನಲ್ಲೇ ಎಂ.ಎ. ಮಾಡಿ, ಜೊತೆಗೆ ಬಿ.ಎಡ್. ಮಾಡಿಕೊಳ್ಳಿ. ನಮ್ಮ ಕಾಲೇಜುಗಳಲ್ಲಿ ಅಭಿವೃದ್ಧಿ ಅಧ್ಯಯನ ಎಂಬ ವಿಷಯವೇ ಇಲ್ಲವಲ್ಲ. ಆ ಪದವಿ ಪಡೆದವರಿಗೆ ಕೆಲಸ ಸಿಗುವುದು ಸ್ವಯಂಸೇವಾ ಸಂಸ್ಥೆಗಳಲ್ಲಿ, ಸಂಶೋಧನಾ ಯೋಜನೆಗಳಲ್ಲಿ, ಸರಕಾರದ ಜೀವನೋಪಾಯ ಕಾರ್ಯಕ್ರಮಗಳಲ್ಲಿ. ಆರಂಭದ ಸಂಬಳ ಸಾಧಾರಣ, ಹಳ್ಳಿ ತಿರುಗಾಟ ಜಾಸ್ತಿ.

ವಿದೇಶದ ಕನಸು ಇರುವವರಿಗೆ: ಬ್ರಿಟನ್ ಸರಕಾರದ ಚೀವ್‌ನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಸ್ನಾತಕೋತ್ತರ ಓದಿನ ಪೂರ್ತಿ ಖರ್ಚು ಕೊಡುತ್ತದೆ, ಆದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಕೇಳುತ್ತದೆ. ಪದವಿ ಮುಗಿದ ತಕ್ಷಣ ಸಿಗುವಂಥದ್ದಲ್ಲ. ಜರ್ಮನಿಯ ಬಹುತೇಕ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಅದನ್ನು ಕೇಳಿ ಹಲವರು ‘ಉಚಿತ’ ಎಂದುಕೊಳ್ಳುತ್ತಾರೆ. ಆದರೆ ವಿದ್ಯಾರ್ಥಿವೇತನವಿಲ್ಲದೆ ಹೋಗುವವರು ಜೀವನ ವೆಚ್ಚಕ್ಕೆಂದು ಬ್ಯಾಂಕ್ ಖಾತೆಯಲ್ಲಿ ತೋರಿಸಬೇಕಾದ ಹಣ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೊ. ನಮ್ಮ ಹಣದಲ್ಲಿ ಹತ್ತು ಲಕ್ಷಕ್ಕೂ ಮೇಲೆ. ಏಜೆಂಟರು ಈ ಭಾಗವನ್ನು ಕೊನೆಗೆ ಹೇಳುತ್ತಾರೆ.

ಸಂಶೋಧನೆಗೆ 2009ರಲ್ಲಿ ಆರಂಭವಾಗಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ 2022-23ರಿಂದ ಹೊಸಬರಿಗೆ ಸಿಗುತ್ತಿಲ್ಲ. ಅಣ್ಣ ಅಕ್ಕಂದಿರ ಮಾತು ನಂಬಿ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಯು.ಜಿ.ಸಿ. ನೆಟ್ ಬರೆದು ಜೆ.ಆರ್.ಎಫ್. ಪಡೆದರೆ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ, ಅದಕ್ಕೆ ಧರ್ಮ ಜಾತಿಯ ಪ್ರಶ್ನೆಯಿಲ್ಲ. ವಿದೇಶದಲ್ಲಿ ಓದಲು ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ನೆರವೂ ಇದೆ. ಷರತ್ತುಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಬೇಕು.

ಹೆಣ್ಣುಮಕ್ಕಳನ್ನು ದೆಹಲಿಗೆ ಕಳುಹಿಸಲು ಹಿಂಜರಿಯುವ ಪೋಷಕರು ಮೊದಲು ಹಾಸ್ಟೆಲ್ ಬಗ್ಗೆ ಕೇಳುತ್ತಾರೆ, ಸರಿಯಾದ ಪ್ರಶ್ನೆ. ಅರ್ಜಿ ಹಾಕುವ ಮೊದಲೇ ಹಾಸ್ಟೆಲ್ ಖಚಿತವೇ ಎಂದು ವಿಚಾರಿಸಿ. ಬೆಂಗಳೂರು, ಮೈಸೂರಿನಲ್ಲಿ ಓದಿದರೂ ಓದು ಕಡಿಮೆಯಾಗುವುದಿಲ್ಲ.

ಆ ವಿದ್ಯಾರ್ಥಿನಿ ಮೊನ್ನೆ ಕಾರಿಡಾರಿನಲ್ಲಿ ಸಿಕ್ಕಳು. ಯಾವುದನ್ನು ಆರಿಸಿದೆ ಎಂದು ಕೇಳಿದೆ. ಇನ್ನೂ ಇಲ್ಲ ಎಂದಳು. ಸದ್ಯಕ್ಕೆ ಮಸ್ಕತ್‌ನಲ್ಲಿರುವ ತಂದೆಯ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ಹುಡುಕುತ್ತಿದ್ದಾಳಂತೆ. ವಿದೇಶದಲ್ಲಿರುವವರು ತುಂಬಬೇಕಾದ ನಮೂನೆ 6-ಎ ಎಲ್ಲಿ ಸಿಗುತ್ತದೆ ಎಂದು ನನ್ನನ್ನೇ ಕೇಳಿದಳು.