504 ಅಂಕಗಳ ಸರಾಸರಿ: ಸಂಖ್ಯಾಶಾಸ್ತ್ರದ ಒಂದು ಬೋಧನಾಭ್ಯಾಸ ಪಾಠ

ತರಗತಿ: 10. ವಿಷಯ: ಗಣಿತ. ಘಟಕ: ಸಂಖ್ಯಾಶಾಸ್ತ್ರ (ಪೂರ್ವಜ್ಞಾನದ ಪುನರಾವರ್ತನೆ). ಸ್ಥಳ: ಹಿಂದವಾಡಿಯ ಒಂದು ಪ್ರೌಢಶಾಲೆ.

ಉದ್ದೇಶ: ವಿದ್ಯಾರ್ಥಿಗಳು ಸರಾಸರಿ, ಮಧ್ಯಾಂಕ, ಬಹುಲಕಗಳನ್ನು ಕಂಡುಹಿಡಿಯುವುದು, ಆ ಬೆಲೆಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂದು ವಿವರಿಸುವುದು.

ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿಯ ಮಕ್ಕಳಿಗೆ ಮಿಲಿಟರಿ ಹೊಸದಲ್ಲ. ಆದ್ದರಿಂದ ದತ್ತಾಂಶಕ್ಕಾಗಿ ಒಂದು ಮಿಲಿಟರಿ ಅಕಾಡೆಮಿಯ ತಂಡವನ್ನೇ ಆರಿಸಿಕೊಂಡೆ. ಎರಡನೆಯ ಮಹಾಯುದ್ಧದ ನಡುವೆ, 1944ರಲ್ಲಿ, ಅಮೆರಿಕದ ವೆಸ್ಟ್ ಪಾಯಿಂಟ್ ಅಕಾಡೆಮಿಯ ಫುಟ್‌ಬಾಲ್ ತಂಡ ಒಂಬತ್ತು ಪಂದ್ಯ ಆಡಿ ಒಂಬತ್ತನ್ನೂ ಗೆದ್ದಿತು. ಇದು ನಮ್ಮ ಫುಟ್‌ಬಾಲ್ ಅಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಗೆರೆ ದಾಟಿದರೆ 6 ಅಂಕ, ನಂತರದ ಒದೆತಕ್ಕೆ 1. ಇಷ್ಟು ವಿವರಿಸಿ ಕಪ್ಪುಹಲಗೆಯ ಮೇಲೆ ಬರೆದೆ:

ನಾರ್ತ್ ಕೆರೊಲಿನಾ 46–0, ಬ್ರೌನ್ 59–7, ಪಿಟ್ಸ್‌ಬರ್ಗ್ 69–7, ಕೋಸ್ಟ್ ಗಾರ್ಡ್ ಅಕಾಡೆಮಿ 76–0, ಡ್ಯೂಕ್ 27–7, ವಿಲನೋವಾ 83–0, ನೋಟರ್ ಡೇಮ್ 59–0, ಪೆನ್ಸಿಲ್ವೇನಿಯಾ 62–7, ನೇವಿ 23–7.

ಚಟುವಟಿಕೆ 1: ಗುಂಪುಗಳು ಗಳಿಸಿದ ಅಂಕಗಳನ್ನು ಕೂಡಿದವು. ಮೊತ್ತ 504, ಸರಾಸರಿ 56. ಏರಿಕೆ ಕ್ರಮದಲ್ಲಿ ಬರೆದಾಗ ಐದನೆಯದು 59. ಅದೇ ಮಧ್ಯಾಂಕ, ಅದೇ ಬಹುಲಕ. ಸರಾಸರಿ ಏಕೆ ಕಡಿಮೆ? 23 ಮತ್ತು 27 ಅದನ್ನು ಕೆಳಗೆ ಎಳೆದಿವೆ ಎಂದು ಮಕ್ಕಳೇ ಹೇಳಿದರು.

ಚಟುವಟಿಕೆ 2: ಬಿಟ್ಟುಕೊಟ್ಟ ಅಂಕಗಳು ಒಟ್ಟು 35, ಸರಾಸರಿ ಸುಮಾರು 3.9. ಆದರೆ ಯಾವ ಪಂದ್ಯದಲ್ಲೂ 3.9ರ ಹತ್ತಿರದ ಅಂಕವಿಲ್ಲ; ಇರುವುದು 0 ಅಥವಾ 7 ಮಾತ್ರ. ಮಧ್ಯಾಂಕವೂ ಬಹುಲಕವೂ 7.

ಚರ್ಚೆ: "ಎದುರಿನ ಟೀಮಿನ್ಯಾಗ ಚಲೋ ಆಡಾವರು ಇರಲಿಲ್ಲೇನ್ರಿ ಸರ್?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಪಾಠದ ತಿರುಳು ಈ ಪ್ರಶ್ನೆಯಲ್ಲೇ ಇತ್ತು. ಇದೇ ನೋಟರ್ ಡೇಮ್ 1943ರಲ್ಲಿ ವೆಸ್ಟ್ ಪಾಯಿಂಟನ್ನು 26–0ರಿಂದ ಸೋಲಿಸಿತ್ತು. ಒಂದೇ ವರ್ಷದಲ್ಲಿ ಫಲಿತಾಂಶ ತಿರುವುಮುರುವಾಯಿತು. ಬೇರೆ ಕಾಲೇಜುಗಳ ಅನೇಕ ಆಟಗಾರರು ಯುದ್ಧಸೇವೆಗೆ ಹೋಗಿದ್ದರು. ಕೆಲವು ಕಾಲೇಜುಗಳು ತಂಡವನ್ನೇ ನಿಲ್ಲಿಸಿದ್ದವು. ಅಕಾಡೆಮಿಯ ಕೆಡೆಟ್‌ಗಳು ಮಾತ್ರ ತರಬೇತಿ ಮುಗಿಯುವವರೆಗೆ ಅಲ್ಲೇ ಉಳಿಯುತ್ತಿದ್ದರು. ತಂಡದ ಹೆಸರಾಂತ ಆಟಗಾರ ಡಾಕ್ ಬ್ಲಾಂಚರ್ಡ್ ಸ್ವತಃ ಮೊದಲು ನಾರ್ತ್ ಕೆರೊಲಿನಾದಲ್ಲಿ ಓದಿ, ಸೇನೆ ಸೇರಿ, ಬಳಿಕ ಅಲ್ಲಿಗೆ ಬಂದವರು. ನಮ್ಮಲ್ಲಿ 1888ರಲ್ಲಿ ಆರಂಭವಾದ ಡ್ಯೂರಾಂಡ್ ಕಪ್ 1941ರಿಂದ 1949ರವರೆಗೆ ನಡೆಯಲೇ ಇಲ್ಲ.

ಇನ್ನೊಂದು ಗುಂಪು ಮುಂದೆ ಹೋಯಿತು: ಅತಿ ಕಡಿಮೆ ಅಂತರ ನೇವಿಯ ಎದುರು, 16. ನೇವಿಯೂ ಮಿಲಿಟರಿ ಅಕಾಡೆಮಿ. ಹಾಗಾದರೆ ಸಮಾನರ ನಡುವೆ ಅಂತರ ಕುಗ್ಗಿತೇ? ತಕ್ಷಣ ಹಿಂದಿನ ಬೆಂಚಿನಿಂದ ಉತ್ತರ ಬಂತು: ಕೋಸ್ಟ್ ಗಾರ್ಡ್ ಕೂಡ ಅಕಾಡೆಮಿಯೇ, ಅಲ್ಲಿ 76–0! ಒಂದು ಪಂದ್ಯದಿಂದ ಕಾರಣ ಸಾಬೀತಾಗದು ಎಂಬುದನ್ನು ನಾನು ಬೇರೆ ಹೇಳಬೇಕಾಗಲಿಲ್ಲ.

ಮೌಲ್ಯಮಾಪನ: "ಸರಾಸರಿ 56 ಎಂದರೆ ತಂಡ ಬಲಿಷ್ಠ ಎಂದು ಹೇಳಲು ಇನ್ನೂ ಯಾವ ಮಾಹಿತಿ ಬೇಕು? ಎರಡು ಬರೆಯಿರಿ." ಎದುರಾಳಿಗಳ ಹಿಂದಿನ ವರ್ಷಗಳ ಫಲಿತಾಂಶ, ಆಟಗಾರರ ಸಂಖ್ಯೆ ಎಂದು ಹಲವರು ಬರೆದರು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸಲಹೆ: ದತ್ತಾಂಶ ಕೊಡುವಾಗ ಅದು ಯಾವ ವರ್ಷದ್ದು, ಯಾರದ್ದು ಎಂಬುದನ್ನೂ ಕೊಡಿ. ಲೆಕ್ಕ ಸರಿಯಾದ ಮೇಲೂ ಕೇಳಬೇಕಾದ ಪ್ರಶ್ನೆ ಉಳಿದಿರುತ್ತದೆ ಎಂದು ಮಕ್ಕಳಿಗೆ ತಿಳಿಯುವುದು ಆಗಲೇ.